ಕಡಿಮೆ ಉಪ್ಪಿನ ಪ್ಯಾಕೆಟ್ ಸೂಪ್: ಆರಿಸುವುದು ಹೇಗೆ, ರುಚಿ ಕೂಡಿಸುವುದು ಹೇಗೆ

ಬಿಪಿ ಇದೆ, ಉಪ್ಪು ಇಳಿಸಿ ಅಂತ ಡಾಕ್ಟರ್ ಹೇಳಿದ ಮೇಲೆ ನಾನು ಮಾಡಿದ ಮೊದಲ ಕೆಲಸ, ರಾತ್ರಿ ಊಟ ಬಿಟ್ಟು ಪ್ಯಾಕೆಟ್ ಸೂಪ್ ಹಿಡಿದದ್ದು. ಹಗುರ ಅಲ್ವಾ ಅಂತ. ಎರಡು ವಾರ ಕಳೆದ ಮೇಲೆ ಒಂದು ದಿನ ಸುಮ್ನೆ ಪ್ಯಾಕೆಟ್ ತಿರುಗಿಸಿ ನೋಡಿದೆ. ಒಂದು ಸರ್ವಿಂಗ್‌ಗೆ, ಅಂದರೆ ಒಬ್ಬರು ಒಂದು ಸಲ ಕುಡಿಯುವಷ್ಟಕ್ಕೆ, 700 ಮಿಲಿಗ್ರಾಂ ಸೋಡಿಯಂ. ಉಪ್ಪಿನಲ್ಲಿರುವ ಅಂಶವೇ ಇದು. ಪಕ್ಕದಲ್ಲಿ ಸಣ್ಣಕ್ಷರದಲ್ಲಿ, ಪ್ಯಾಕೆಟ್‌ಗೆ ಎರಡು ಸರ್ವಿಂಗ್. ನಾನೋ ಇಡೀ ಪ್ಯಾಕೆಟ್ ಒಬ್ಬನೇ ಮುಗಿಸುತ್ತಿದ್ದೆ. ಲೆಕ್ಕ 1400ಕ್ಕೆ ಹೋಯಿತು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ಇಡೀ ದಿನಕ್ಕೆ 2000ಕ್ಕಿಂತ ಕಡಿಮೆ.

ಹಾಗಾಗಿ ಮೊದಲು ಸರ್ವಿಂಗ್ ಎಷ್ಟು ಅಂತ ನೋಡಿ, ಆಮೇಲೆ ಸೋಡಿಯಂ. ನೀವು ನಿಜವಾಗಿ ಕುಡಿಯುವಷ್ಟಕ್ಕೆ ಗುಣಿಸಿಕೊಳ್ಳಿ. ಸೋಡಿಯಂ ಅನ್ನು 2.5ರಿಂದ ಗುಣಿಸಿದರೆ ಉಪ್ಪಿನ ತೂಕ ಸಿಗುತ್ತದೆ. ನನ್ನ 1400 ಅಂದರೆ ಮೂರೂವರೆ ಗ್ರಾಂ ಉಪ್ಪು! ಎರಡು ಪ್ಯಾಕೆಟ್ ಹೋಲಿಸುವಾಗ ಇನ್ನೊಂದು ಗಮನಿಸಿ. ಒಂದರಲ್ಲಿ 100 ಗ್ರಾಂ ಒಣ ಪುಡಿಯ ಲೆಕ್ಕ, ಇನ್ನೊಂದರಲ್ಲಿ ನೀರು ಹಾಕಿ ತಯಾರಿಸಿದ ಸೂಪಿನ ಲೆಕ್ಕ ಇರಬಹುದು. ಇವೆರಡನ್ನು ಹೋಲಿಸಿ ಉಪಯೋಗವಿಲ್ಲ.

ಮುಂಭಾಗದ ದೊಡ್ಡ ಅಕ್ಷರಗಳನ್ನು ನಾನು ನಂಬುವುದಿಲ್ಲ. ಅಮೆರಿಕದ ನಿಯಮದಲ್ಲಿ ‘ಲೋ ಸೋಡಿಯಂ’ ಅಂದರೆ ಸರ್ವಿಂಗ್‌ಗೆ 140 ಮಿಲಿಗ್ರಾಂ ಮೀರಬಾರದು. ‘ರೆಡ್ಯೂಸ್ಡ್ ಸೋಡಿಯಂ’ ಅಂದರೆ ಮಾಮೂಲಿ ಸೂಪಿಗಿಂತ ಕಾಲು ಭಾಗ ಕಮ್ಮಿ ಇದ್ದರೆ ಸಾಕು, ಅಷ್ಟೇ. ಮೊದಲೇ ಜಾಸ್ತಿ ಇದ್ದದ್ದು ಕಾಲು ಭಾಗ ಇಳಿದರೆ ಎಷ್ಟು ಇಳಿದ ಹಾಗಾಯಿತು?

ಉಪ್ಪು ಕಮ್ಮಿ ಇರುವ ಸೂಪ್ ತಂದರೆ ಮೊದಲ ದಿನ ಬಿಸಿನೀರು ಕುಡಿದಂತೆ ಅನಿಸುತ್ತದೆ. ಇದಕ್ಕೆ ನನಗೆ ಸಿಕ್ಕ ಉತ್ತರ ಹುಳಿ. ಒಲೆ ಆರಿಸಿದ ಮೇಲೆ ಅರ್ಧ ಹೋಳು ನಿಂಬೆ ಹಿಂಡಿ. ಉಪ್ಪು ಸ್ವಲ್ಪ ಇದ್ದರೂ ನಾಲಿಗೆಗೆ ಎದ್ದು ತಿಳಿಯುತ್ತದೆ. ಕುದಿಯುವಾಗಲೇ ಹಿಂಡಿದರೆ ಘಮ ಹೋಗುತ್ತದೆ. ಆಮೇಲೆ ಬೆಳ್ಳುಳ್ಳಿ. ಸಣ್ಣಗೆ ಹೆಚ್ಚಿ, ಒಂದು ಚಮಚ ಎಣ್ಣೆಯಲ್ಲಿ ಹೊಂಬಣ್ಣ ಬರುವವರೆಗೆ ಬಾಡಿಸಿ, ಎಣ್ಣೆ ಸಮೇತ ಸುರಿಯಿರಿ. ಕಪ್ಪಾದರೆ ಕಹಿ, ಅಲ್ಲಿ ನಿಂತು ನೋಡಿಕೊಳ್ಳಬೇಕು. ತರಕಾರಿ ಸೂಪಾದರೆ ಅಣಬೆ ಕೆಂಪಗೆ ಹುರಿದು ಹಾಕಿ, ಬಾಯಿಗೆ ತುಂಬಿದ ಹಾಗಿರುತ್ತದೆ. ಕಾಳುಮೆಣಸನ್ನು ಆಗಲೇ ಕುಟ್ಟಿ ಹಾಕಿ.

ಸೋಯಾ ಸಾಸ್, ಸೂಪ್ ಕ್ಯೂಬ್, ಗಾರ್ಲಿಕ್ ಸಾಲ್ಟ್ ಬೇಡ. ಬಿಟ್ಟ ಉಪ್ಪು ಹಿಂಬಾಗಿಲಿಂದ ಬರುತ್ತದೆ. ಉಪ್ಪಿನ ಬದಲು ಮಾರುವ ಪೊಟ್ಯಾಸಿಯಂ ಕ್ಲೋರೈಡ್ ಮೂತ್ರಪಿಂಡದ ತೊಂದರೆ ಇರುವವರಿಗೆ, ಕೆಲವು ಬಿಪಿ ಮಾತ್ರೆ ನುಂಗುವವರಿಗೆ ಅಪಾಯ. ಡಾಕ್ಟರನ್ನು ಕೇಳದೆ ಮುಟ್ಟಬೇಡಿ.

ಮನೆಯಲ್ಲಿ ಹಳೆಯ ಉಪ್ಪುಪ್ಪು ಪ್ಯಾಕೆಟ್‌ಗಳು ಉಳಿದಿವೆಯಾ? ಎಸೆಯಬೇಡಿ. ಅರ್ಧ ಪ್ಯಾಕೆಟ್ ಪುಡಿಗೆ ಇಡೀ ಪ್ಯಾಕೆಟ್ಟಿನ ನೀರು ಹಾಕಿ. ತೆಳುವಾಗುತ್ತದೆ ನಿಜ. ಉಪ್ಪಿಲ್ಲದೆ ಬೇಯಿಸಿದ ಒಂದು ಆಲೂಗಡ್ಡೆ ಮಸೆದು ಕಲಸಿದರೆ ಗಟ್ಟಿಯಾಗುತ್ತದೆ.