ಒಂದೇ ಕಿವಿಗೆ ಕೇಳುತ್ತಾ? ಇಯರ್‌ಫೋನ್ ಬಾಳಿಸುವುದು ಹೀಗೆ

ನಮ್ಮ ಮನೆಯ ಟಿ.ವಿ. ಸ್ಟ್ಯಾಂಡಿನ ಡ್ರಾಯರ್‌ನಲ್ಲಿ ಐದು ಇಯರ್‌ಫೋನ್ ಬಿದ್ದಿದ್ದವು. ಐದಕ್ಕೂ ಒಂದೇ ಕಾಯಿಲೆ. ಒಂದು ಕಿವಿಗೆ ಕೇಳುತ್ತದೆ, ಇನ್ನೊಂದಕ್ಕೆ ಇಲ್ಲ. ವೈರನ್ನು ಯಾವುದೋ ಒಂದು ಕೋನದಲ್ಲಿ ಹಿಡಿದು ಅಲುಗಾಡದೆ ಕೂತರೆ ಎರಡೂ ಕಡೆ ಹಾಡು ಬರುತ್ತದೆ. ಎಸೆಯೋಕೆ ಮನಸ್ಸು ಬಾರದೆ ಇಟ್ಟುಕೊಂಡಿದ್ದೆ. ಮೊನ್ನೆ ಭಾನುವಾರ ಬ್ಲೇಡ್ ತಗೊಂಡು ಒಂದರ ಸಿಪ್ಪೆ ಸುಲಿದೆ.

ಪಿನ್ನಿನ ಬುಡದಿಂದ ಅರ್ಧ ಬೆರಳು ಮೇಲೆ ಕಥೆ ಗೊತ್ತಾಯಿತು. ಒಳಗೆ ಕೂದಲಿನಂಥ ತಾಮ್ರದ ಎಳೆಗಳು. ಒಂದು ಕಟ್ಟು ಕೆಂಪು, ಒಂದು ಹಸಿರು, ಇನ್ನೊಂದು ತಾಮ್ರದ್ದೇ ಬಣ್ಣ. ನಡುವೆ ಎಳೆತ ತಡೆಯಲೆಂದು ಹಾಕಿದ ಬಿಳಿ ನೂಲು. ಕೆಂಪು ಕಟ್ಟು ಅಲ್ಲೇ ತುಂಡಾಗಿತ್ತು. ಆಚೆ ತುದಿಯ ಬಣ್ಣ ಕೆರೆದು ಮಲ್ಟಿಮೀಟರಿನ (ಕರೆಂಟ್ ಹರಿಯುತ್ತಾ ಎಂದು ನೋಡುವ ಮೀಟರ್) ಕಡ್ಡಿ ತಾಗಿಸಿದೆ. ಸತ್ತಿದೆ ಅಂದುಕೊಂಡಿದ್ದ ಬಲಗಡೆಯ ಸ್ಪೀಕರ್ ‘ಟಿಕ್’ ಅಂದಿತು. ಮೂರು ವರ್ಷದಿಂದ ಅದು ಗಟ್ಟಿಮುಟ್ಟಾಗೇ ಇತ್ತು! ಹೋಗಿದ್ದು ಅರ್ಧ ಇಂಚು ವೈರ್ ಮಾತ್ರ.

ಹಾಗಾಗಿ ಅಂಗಡಿಯಲ್ಲಿ ‘ಬಾಸ್ ಹೇಗಿದೆ’ ಅಂತ ಕೇಳುವ ಮೊದಲು ವೈರ್ ನೋಡಿ. ಅದಕ್ಕೂ ಮೊದಲು ಇನ್ನೊಂದು ಕೆಲಸ ಇದೆ.

ಹಂತ 1: ನಿಜವಾಗಿ ಕೆಟ್ಟಿದೆಯಾ ನೋಡಿ

ಇಯರ್‌ಫೋನನ್ನು ಬೇರೆ ಫೋನಿಗೆ ಹಾಕಿ ನೋಡಿ. ಅಲ್ಲಿ ಸರಿಯಾಗಿ ಕೇಳಿದರೆ ತಪ್ಪು ನಿಮ್ಮ ಫೋನಿನದು. ಜೇಬಿನ ನೂಲು, ಧೂಳು ಜ್ಯಾಕಿನ ತೂತಿನ ತಳದಲ್ಲಿ ಕೂತು ಗಟ್ಟಿಯಾಗಿರುತ್ತದೆ, ಪಿನ್ ಪೂರ್ತಿ ಒಳಗೆ ಹೋಗುವುದಿಲ್ಲ. ಫೋನ್ ಆಫ್ ಮಾಡಿ, ಮರದ ಹಲ್ಲುಕಡ್ಡಿಯಿಂದ ಮೆಲ್ಲಗೆ ಎಬ್ಬಿಸಿ ತೆಗೆಯಿರಿ. ಸೇಫ್ಟಿ ಪಿನ್ ಬೇಡ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿ ಒಳಗೆ ಎಡ-ಬಲ ಸದ್ದಿನ ಗೆರೆ ಇರುತ್ತದೆ, ಅದು ಒಂದು ಕಡೆ ಸರಿದಿದೆಯಾ ನೋಡಿ. ಕೊನೆಗೆ ಕಿವಿಗೆ ಹೋಗುವ ಜಾಲರಿ. ಅದರ ಮೇಲೆ ಗುಗ್ಗೆ ಕಟ್ಟಿದರೂ ಒಂದು ಕಡೆ ಸದ್ದು ಇಳಿಯುತ್ತದೆ.

ಹಂತ 2: ಕೊಳ್ಳುವಾಗ ಬುಡ ಹಿಡಿದು ನೋಡಿ

ಬೆಂಗಳೂರಿನವರಾದರೆ ಎಸ್.ಪಿ. ರೋಡಿಗೋ ಗಾಂಧಿನಗರದ ನ್ಯಾಷನಲ್ ಮಾರ್ಕೆಟ್ಟಿಗೋ ಹೋಗಿ. ಆನ್‌ಲೈನ್‌ನಲ್ಲಿ ಫೋಟೊ ಸಿಗುತ್ತದೆ, ವೈರ್ ಕೈಗೆ ಸಿಗುವುದಿಲ್ಲ. ಪಿನ್ನಿನ ಬುಡದಲ್ಲಿ ಮೆತ್ತನೆಯ ರಬ್ಬರ್ ಕೊಳವೆ ಇರಬೇಕು. ಪಿನ್ ಹಿಡಿದು ವೈರನ್ನು ಬಗ್ಗಿಸಿ. ಕೊಳವೆಯೂ ಜೊತೆಗೆ ಬಾಗಿ ನಿಧಾನಕ್ಕೆ ಬಿಲ್ಲಿನಂತಾದರೆ ಒಳ್ಳೆಯದು. ಕೊಳವೆ ಕಲ್ಲಿನ ಹಾಗೆ ನಿಂತು, ವೈರ್ ಅದರ ಅಂಚಿನಲ್ಲೇ ಮಡಚಿಕೊಂಡರೆ ಅದನ್ನು ವಾಪಸ್ ಇಡಿ. ವೈರ್ ಎರಡಾಗಿ ಕವಲೊಡೆಯುವ ಜಾಗವನ್ನೂ, ಕಿವಿಯ ಬುಡವನ್ನೂ ಹೀಗೇ ನೋಡಿ. ಫೋನನ್ನು ಜೇಬಿನಲ್ಲಿಟ್ಟು ಓಡಾಡುವವರಿಗೆ ‘ಎಲ್’ ಆಕಾರದ ಪಿನ್ ವಾಸಿ.

ಬಟ್ಟೆ ಹೆಣೆದ ವೈರ್ ನೋಡೋಕೆ ಜೋರಾಗಿರುತ್ತದೆ. ಒಳಗಿನ ತಾಮ್ರ ಮಾತ್ರ ಅದೇ ಕೂದಲೆಳೆ. ಚಪ್ಪಟೆ ವೈರೂ ಅಷ್ಟೇ, ಗಂಟು ಬೀಳುವುದು ಕಡಿಮೆಯಾಗಬಹುದು, ಬುಡ ಗಟ್ಟಿಯಾಗುವುದಿಲ್ಲ.

ನನ್ನ ಕೇಳಿದರೆ, ಸಾವಿರ-ಒಂದೂವರೆ ಸಾವಿರ ಖರ್ಚು ಮಾಡುವುದಾದರೆ ವೈರ್ ಬಿಚ್ಚಿ ಹಾಕಬಹುದಾದ ಇಯರ್‌ಫೋನನ್ನೇ ಕೊಳ್ಳಿ. ಟೂ-ಪಿನ್, ಎಂಎಂಸಿಎಕ್ಸ್ ಅಂತ ಎರಡು ಬಗೆಯ ಜೋಡಣೆ ಹೆಚ್ಚು ಸಿಗುತ್ತವೆ. ವೈರ್ ಹೋದರೆ ಹೊಸ ವೈರ್ ಅಷ್ಟೇ ತಂದರಾಯಿತು, ಸ್ಪೀಕರ್ ಉಳಿಯಿತು. ಆದರೆ ಬಿಚ್ಚುತ್ತೆ ಅಂತ ಸುಮ್ನೆ ದಿನಾ ಬಿಚ್ಚಬೇಡಿ. ಪಿನ್ ಬಾಗುತ್ತದೆ, ಹಿಡಿತ ಸಡಿಲವಾಗುತ್ತದೆ.

ಜ್ಯಾಕ್ ಇಲ್ಲದ ಫೋನ್ ಇದ್ದರೆ? ಟೈಪ್-ಸಿ ಇಯರ್‌ಫೋನಿಗಿಂತ, 3.5 ಎಂ.ಎಂ. ಇಯರ್‌ಫೋನಿಗೆ ಒಂದು ಗೇಣುದ್ದದ ಕನೆಕ್ಟರ್ ಹಾಕಿಕೊಳ್ಳುವುದು ಜಾಣತನ. ಎಳೆದಾಟದಲ್ಲಿ ಕೆಟ್ಟರೆ ಕನೆಕ್ಟರ್ ಒಂದೇ ಕೆಡಲಿ. ಫೋನಿನ ಡಿಜಿಟಲ್ ಸಂಕೇತವನ್ನು ಇಯರ್‌ಫೋನಿಗೆ ಬೇಕಾದ ಸಂಕೇತವಾಗಿ ಬದಲಿಸುವ ಡ್ಯಾಕ್ ಚಿಪ್ ಇರುವುದನ್ನೇ ಕೇಳಿ ತಗೊಳ್ಳಿ, ಚಿಪ್ ಇಲ್ಲದ್ದು ಎಲ್ಲ ಫೋನಿನಲ್ಲೂ ಕೆಲಸ ಮಾಡುವುದಿಲ್ಲ.

ಬಿಲ್ಲಿನ ಫೋಟೊ ಅವತ್ತೇ ತೆಗೆದಿಡಿ, ಅಂಗಡಿ ಚೀಟಿಯ ಅಕ್ಷರ ಕೆಲವೇ ತಿಂಗಳಲ್ಲಿ ಮಾಸುತ್ತದೆ. ವಾರಂಟಿಯಲ್ಲಿ ವೈರ್ ತುಂಡಾದರೆ ಬದಲಿ ಕೊಡುತ್ತಾರಾ ಅಂತ ಬಾಯಿಬಿಟ್ಟು ಕೇಳಿ. ನನಗೊಮ್ಮೆ ‘ಇದು ನೀವೇ ಮಾಡಿಕೊಂಡ ಡ್ಯಾಮೇಜ್’ ಅಂದು ವಾಪಸ್ ಕಳಿಸಿದ್ದರು. ಕೊಟ್ಟ ಮಾತಿಗೆ ತಪ್ಪಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ಹಂತ 3: ಸುತ್ತುವ ಕೈ ಬದಲಿಸಿ

ವೈರ್ ಹಿಡಿದು ಎಳೆಯಬೇಡಿ, ಪಿನ್ ಹಿಡಿದು ತೆಗೆಯಿರಿ ಅನ್ನುವುದು ಎಲ್ಲರಿಗೂ ಗೊತ್ತು. ಯಾರೂ ಮಾಡುವುದಿಲ್ಲ, ಅಲ್ವಾ? ಅದಕ್ಕಿಂತ ಕೆಟ್ಟದ್ದು, ಪಿನ್ ಸಿಕ್ಕಿಸಿದ ಹಾಗೇ ವೈರನ್ನು ಫೋನಿಗೆ ಬಿಗಿಯಾಗಿ ಸುತ್ತುವುದು. ನನ್ನ ಐದರಲ್ಲಿ ಮೂರಾದರೂ ಹೀಗೇ ಹೋಗಿರಬೇಕು.

ಆರ್ಕೆಸ್ಟ್ರಾ ಮುಗಿದ ಮೇಲೆ ಮೈಕ್ ವೈರ್ ಸುತ್ತುವ ಹುಡುಗರನ್ನು ಗಮನಿಸಿ. ಒಂದು ಸುತ್ತು ಮೇಲಿನಿಂದ ಹಾಕುತ್ತಾರೆ, ಮುಂದಿನದಕ್ಕೆ ಮಣಿಕಟ್ಟು ತಿರುಗಿಸಿ ಕೆಳಗಿನಿಂದ ಹಾಕುತ್ತಾರೆ. ಮೊದಲ ಸುತ್ತಿನಲ್ಲಿ ಬಿದ್ದ ತಿರುಚು ಎರಡನೆಯದರಲ್ಲಿ ಬಿಡಿಸಿಕೊಳ್ಳುತ್ತದೆ. ಇಯರ್‌ಫೋನನ್ನೂ ನಾಲ್ಕು ಬೆರಳಿನ ಮೇಲೆ ಸಡಿಲವಾಗಿ ಹಾಗೇ ಸುತ್ತಿ, ಪುಟ್ಟ ಡಬ್ಬಿಗೆ ಹಾಕಿ. ಖಾಲಿ ಪೆಪ್ಪರ್‌ಮಿಂಟ್ ಡಬ್ಬಿಯೂ ನಡೆಯುತ್ತದೆ. ಮಳೆಗಾಲದಲ್ಲಿ ಶೂ ಬಾಕ್ಸಿನಲ್ಲಿ ಸಿಗುವ ಸಿಲಿಕಾ ಜೆಲ್ ಪೊಟ್ಟಣ ಒಂದನ್ನು ಒಳಗಿಡಿ.

ಹಂತ 4: ವಾರಕ್ಕೊಮ್ಮೆ ಒರೆಸಿ

ಕಿವಿಯ ರಬ್ಬರನ್ನು ಬಿಚ್ಚಿ ಸೋಪು ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ಜಾಲರಿಯನ್ನು ಕೆಳಮುಖ ಮಾಡಿ ಹಿಡಿದು ಒಣ ಬ್ರಶ್‌ನಿಂದ ಉಜ್ಜಿ, ಕಸ ಕೆಳಗೆ ಉದುರಲಿ. ಚುಚ್ಚಬೇಡಿ, ಊದಬೇಡಿ.

ಬ್ಲೂಟೂತ್ ಇಯರ್‌ಬಡ್ ಇರುವವರಿಗೆ ವೈರಿನ ಕಾಟ ಇಲ್ಲ, ಬ್ಯಾಟರಿಯ ಕಾಟ ಇದೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಡಬೇಡಿ. ತಿಂಗಳುಗಟ್ಟಲೆ ಸೊನ್ನೆ ಚಾರ್ಜಿನಲ್ಲಿ ಇಡಬೇಡಿ. ಬೆವರು ತಾಗಿದ ಲೋಹದ ಚುಕ್ಕೆಗಳನ್ನು ಒರೆಸಿಯೇ ಕೇಸಿಗೆ ಹಾಕಿ. ಬಾಕ್ಸಿನ ಮೇಲೆ ಐಪಿಎಕ್ಸ್4 ಅಂತಿದ್ದರೆ ನೀರಿನ ಎರಚಲು ತಡೆಯುತ್ತದೆ ಎಂದರ್ಥ, ಮುಳುಗಿಸಬಹುದು ಅಂತಲ್ಲ.

ಹಂತ 5: ಕತ್ತರಿಸಿ ಜೋಡಿಸಿ

ಸೋಲ್ಡರಿಂಗ್ ಬರುವವರು ಹಳೇ ಪಿನ್ ಕತ್ತರಿಸಿ ಹೊಸದು ಹಾಕಬಹುದು. ಪಿನ್ನಿನ ಮುಚ್ಚಳ ಮತ್ತು ಹೀಟ್ ಶ್ರಿಂಕ್ ಕೊಳವೆಯನ್ನು (ಬಿಸಿಗೆ ಕುಗ್ಗಿ ವೈರನ್ನು ಬಿಗಿಯಾಗಿ ಹಿಡಿಯುವ ಕೊಳವೆ) ಮೊದಲೇ ವೈರಿಗೆ ಪೋಣಿಸಿಕೊಳ್ಳಿ. ನಾನು ಮರೆತು ಎರಡು ಸಲ ಬಿಚ್ಚಿದ್ದೇನೆ. ಎಳೆಗಳ ಮೇಲಿನ ಬಣ್ಣ ಅಂದರೆ ವಾರ್ನಿಶ್, ಅದು ಕರೆಂಟ್ ಹರಿಯಲು ಬಿಡುವುದಿಲ್ಲ. ಬಿಸಿ ಐರನ್‌ಗೆ ಸೋಲ್ಡರ್ ಹಿಡಿಸಿ ಎಳೆಯ ತುದಿಯನ್ನು ಅದರಲ್ಲಿ ಸ್ವಲ್ಪ ಹೊತ್ತು ಇಟ್ಟರೆ ವಾರ್ನಿಶ್ ಸುಟ್ಟುಹೋಗುತ್ತದೆ. ಆ ಹೊಗೆ ಕುಡಿಯಬೇಡಿ, ಕಿಟಕಿ ತೆಗೆದಿಡಿ. ಈಗಿನ ಫೋನುಗಳ ಮೈಕ್ ಇರುವ ಪಿನ್ನಿನಲ್ಲಿ ತುದಿ ಎಡಕ್ಕೆ, ನಂತರದ್ದು ಬಲಕ್ಕೆ, ಮೂರನೆಯದು ಗ್ರೌಂಡ್, ಬುಡದ್ದು ಮೈಕಿಗೆ. ಸಾಮಾನ್ಯವಾಗಿ ಕೆಂಪು ಎಳೆ ಬಲ, ಹಸಿರು ಅಥವಾ ನೀಲಿ ಎಡ. ಆದರೂ ಮೀಟರ್ ಇಟ್ಟು ‘ಟಿಕ್’ ಕೇಳಿಸಿಕೊಂಡೇ ಸೋಲ್ಡರ್ ಮಾಡಿ.

ಆ ಭಾನುವಾರ ಐದರಲ್ಲಿ ಎರಡು ಬದುಕಿದವು. ಒಂದರಲ್ಲಿ ಎಡ-ಬಲ ಅದಲುಬದಲಾಗಿದೆ. ಹೆಂಡತಿ ದಿನಾ ವಾಕಿಂಗಿಗೆ ಅದನ್ನೇ ಹಾಕಿಕೊಂಡು ಹೋಗುತ್ತಾಳೆ, ಇನ್ನೂ ಗೊತ್ತಾಗಿಲ್ಲ.