ಸ್ಪ್ರಿಂಕ್ಲರ್ ಲೆಕ್ಕ: ಸಾಫ್ಟ್‌ವೇರ್ ಮುಟ್ಟುವ ಮೊದಲು ಕೈಯಲ್ಲಿ ಮಾಡಿದ್ದು

ಅಗ್ನಿ ಸುರಕ್ಷತೆಯನ್ನೇ ಪದವಿಯಾಗಿ ಓದಲು ಕೊಚ್ಚಿಯ ಕುಸಾಟ್ ವಿಶ್ವವಿದ್ಯಾಲಯ ಇದೆ, ನಾಗಪುರದ ರಾಷ್ಟ್ರೀಯ ಅಗ್ನಿಶಾಮಕ ಸೇವಾ ಕಾಲೇಜಿದೆ. ನಾನು ಬೆಂಗಳೂರಿನಲ್ಲಿ ಮೆಕ್ಯಾನಿಕಲ್ ಓದುತ್ತ ಕೊನೆಯ ವರ್ಷದ ಪ್ರಾಜೆಕ್ಟಿಗೆ ಸ್ಪ್ರಿಂಕ್ಲರ್ ಲೆಕ್ಕ ಹಿಡಿದೆ: ಬೆಂಕಿ ಬಿದ್ದಾಗ ಚಾವಣಿಯಿಂದ ನೀರು ಚಿಮ್ಮುವ ವ್ಯವಸ್ಥೆಗೆ ಎಷ್ಟು ನೀರು, ಎಷ್ಟು ಒತ್ತಡ, ಎಂಥ ಪೈಪ್ ಬೇಕೆಂಬುದು. ಫ್ಲೂಯಿಡ್ ಮೆಕ್ಯಾನಿಕ್ಸ್ ಗೊತ್ತಿದ್ದರೆ ಲೆಕ್ಕದ ಅರ್ಧ ದಾರಿ ಆಗಲೇ ಮುಗಿದಿರುತ್ತದೆ. ಎಡವುವುದು ಉಳಿದ ಅರ್ಧದಲ್ಲಿ.

ಮೊದಲು ಕೋಡ್ (ವಿನ್ಯಾಸದ ನಿಯಮಾವಳಿ) ಒಂದನ್ನು ಆರಿಸಿ ಅದಕ್ಕೇ ಅಂಟಿಕೊಳ್ಳಬೇಕು. ಆರ್ಡಿನರಿ ಹಜಾರ್ಡ್‌ಗೆ (ಸಾಧಾರಣ ಬೆಂಕಿ ಅಪಾಯದ ಕಟ್ಟಡಗಳಿಗೆ) ಯುರೋಪಿನ ಕೋಡ್ ಇಎನ್ 12845 ನಿಮಿಷಕ್ಕೆ 5 ಮಿ.ಮೀ. ನೀರು, ಅಂದರೆ ಚದರ ಮೀಟರಿಗೆ 5 ಲೀಟರ್ ಸಾಂದ್ರತೆ ಕೇಳುತ್ತದೆ, ಅದರ ಗ್ರೂಪ್ 2ಕ್ಕೆ ಲೆಕ್ಕದ ವಿಸ್ತೀರ್ಣ (ಒಟ್ಟಿಗೇ ನೀರು ಬೀಳುತ್ತದೆಂದು ಊಹಿಸುವ ಜಾಗ) 144 ಚದರ ಮೀಟರ್. ಅಮೆರಿಕದ ಎನ್‌ಎಫ್‌ಪಿಎ 13ರ ಗ್ರೂಪ್ 1ಕ್ಕೆ 6.1 ಮಿ.ಮೀ., 139 ಚದರ ಮೀಟರ್. ಒಂದರ ಸಾಂದ್ರತೆ, ಇನ್ನೊಂದರ ವಿಸ್ತೀರ್ಣ ತೆಗೆದುಕೊಂಡ ವರದಿಗಳನ್ನು ಬೇಕಾದಷ್ಟು ನೋಡಿದ್ದೇನೆ. ಅಂಥ ಲೆಕ್ಕ ಯಾವ ಕೋಡಿಗೂ ಸಲ್ಲದು. ನಾನು ತೆಗೆದುಕೊಂಡದ್ದು ಇಎನ್, ಗ್ರೂಪ್ 2.

ಹೆಡ್‌ಗಳ (ನೀರು ಚಿಮ್ಮುವ ಬಾಯಿಗಳ) ನಡುವೆ 3 ಮೀ., ಅವು ಕೂತಿರುವ ಬ್ರಾಂಚ್ ಪೈಪ್‌ಗಳ ನಡುವೆ 4 ಮೀ.; ಅಂದರೆ ಒಂದೊಂದು ಹೆಡ್ಡಿಗೆ 12 ಚ.ಮೀ., 144 ಚ.ಮೀ.ಗೆ 12 ಹೆಡ್, ನಾಲ್ಕರಂತೆ ಮೂರು ಬ್ರಾಂಚ್. ಆ 12 ಚ.ಮೀ.ಯನ್ನು ಐದರಿಂದ ಗುಣಿಸಿದರೆ ತೀರಾ ತುದಿಯ ಹೆಡ್ಡಿಗೆ ನಿಮಿಷಕ್ಕೆ ಕನಿಷ್ಠ 60 ಲೀಟರ್. ಹರಿವು = ಕೆ × √ಒತ್ತಡ; ಕೆ ಎಂದರೆ ಹೆಡ್ಡಿನ ಬಾಯಿ ಎಷ್ಟು ನೀರು ಬಿಡುತ್ತದೆಂಬ ಅಂಕಿ. ಕೆ 80 ಇದ್ದರೆ ಅಲ್ಲಿ ಬೇಕಾದ ಒತ್ತಡ 0.56 ಬಾರ್. (ಕ್ಯಾಟಲಾಗಿನಲ್ಲಿ ಇದೇ ಹೆಡ್ಡಿಗೆ ಕೆ 5.6 ಎಂದೂ ಬರೆದಿರುತ್ತದೆ. ಅದು ಪಿಎಸ್‌ಐ ಮತ್ತು ಗ್ಯಾಲನ್ನಿನ ಸಂಖ್ಯೆ. ಬಾರ್ ಜೊತೆ ಸೇರಿಸಿದರೆ ಹರಿವು ಹದಿನಾಲ್ಕು ಪಟ್ಟು ಕುಸಿಯುತ್ತದೆ.)

ಇನ್ನು ಪೈಪಿನಲ್ಲಿ ಘರ್ಷಣೆಯಿಂದಾಗುವ ಒತ್ತಡದ ನಷ್ಟ. ಹೇಜನ್-ವಿಲಿಯಮ್ಸ್ ಸೂತ್ರದಲ್ಲಿ ಒಳವ್ಯಾಸದ ಘಾತ 4.87, ಹಾಗಾಗಿ ಅಲ್ಲಿ ಉದಾಸೀನ ನಡೆಯುವುದಿಲ್ಲ. 25 ಎನ್‌ಬಿ (ಹೆಸರಿಗಷ್ಟೇ 25 ಮಿ.ಮೀ.) ಮೀಡಿಯಂ ದರ್ಜೆಯ ಪೈಪಿನ ಒಳವ್ಯಾಸ 25 ಅಲ್ಲ, 27.3 ಮಿ.ಮೀ. 25 ಎಂದು ಹಾಕಿದರೆ ನಷ್ಟ ಒಂದೂವರೆ ಪಟ್ಟು ತೋರುತ್ತದೆ. ಕಪ್ಪು ಉಕ್ಕಿನ ಪೈಪಿನಲ್ಲಿ ಸದಾ ನೀರು ತುಂಬಿರುವ ವ್ಯವಸ್ಥೆಗೆ ಸಿ (ಸೂತ್ರದಲ್ಲಿ ಪೈಪಿನ ಒಳಮೈ ನುಣುಪಿನ ಅಂಕಿ) 120.

ಮೊದಲ 3 ಮೀಟರಿಗೆ ನಷ್ಟ 0.05 ಬಾರ್. ಎರಡನೇ ಹೆಡ್‌ನಲ್ಲಿ ಒತ್ತಡ 0.61, ಹರಿವು 62.7 ಲೀಟರ್. ಮುಂದಿನ ತುಂಡಿನಲ್ಲಿ 122.7 ಲೀಟರ್ ಹರಿಯುವುದರಿಂದ ನಷ್ಟ 0.19ಕ್ಕೆ ಏರುತ್ತದೆ, ಮೂರನೇ ಹೆಡ್ 71.8 ಲೀಟರ್ ಚೆಲ್ಲುತ್ತದೆ. ಮೂರನೆಯದರಿಂದ ನಾಲ್ಕನೆಯದಕ್ಕೂ 25ನ್ನೇ ಮುಂದುವರಿಸಿದರೆ ಆ ಒಂದು ತುಂಡೇ 0.45 ಬಾರ್ ತಿನ್ನುತ್ತದೆ. 32 ಎನ್‌ಬಿ ಹಾಕಿದರೆ 0.12. ಪೈಪ್ ಎಲ್ಲಿ ದಪ್ಪ ಮಾಡಬೇಕೆಂಬುದು ನನಗೆ ಅರ್ಥವಾದದ್ದು ಈ ಸಾಲಿನಲ್ಲೇ. ಸಾಫ್ಟ್‌ವೇರ್ ಉತ್ತರವನ್ನಷ್ಟೇ ಕೊಡುತ್ತಿತ್ತು.

ನಾಲ್ಕು ಹೆಡ್‌ಗಳ ಒಟ್ಟು 271 ಲೀಟರ್. ಬ್ರಾಂಚ್‌ಗಳೆಲ್ಲ ಸೇರುವ ಕ್ರಾಸ್ ಮೇನ್‌ಗೆ ಇನ್ನು 1.5 ಮೀ. ಪೈಪ್, ಜೊತೆಗೆ ಅಲ್ಲಿನ ಟೀ ಜೋಡಣೆಯ ನಷ್ಟಕ್ಕೆ ಸಮಾನವಾದ ಪೈಪಿನ ಉದ್ದ 1.8 ಮೀ. ಈ ಎರಡನೆಯದನ್ನು ಮರೆಯುವವರೇ ಹೆಚ್ಚು. ಅಲ್ಲಿ ಒತ್ತಡ 1.16 ಬಾರ್. ಈಗ ಇಡೀ ಬ್ರಾಂಚನ್ನೇ ಒಂದು ದೊಡ್ಡ ಹೆಡ್ ಎಂದು ತಿಳಿದರೆ ಅದರ ಕೆ = 271 ÷ √1.16, ಅಂದರೆ 252. ಎರಡನೇ ಬ್ರಾಂಚ್ ಸೇರುವ ಕಡೆ ಒತ್ತಡ 1.17, ಆದ್ದರಿಂದ ಹರಿವು 273, ಮೂರನೆಯದರಲ್ಲಿ 278. ಕ್ರಾಸ್ ಮೇನ್ 65 ಎನ್‌ಬಿ ಇಟ್ಟಾಗ 12 ಹೆಡ್‌ಗಳ ಒಟ್ಟು 822 ಲೀಟರ್. 12ನ್ನು 60ರಿಂದ ಗುಣಿಸಿ 720 ಎಂದು ಬರೆದವರ ಪಂಪ್ ಇಲ್ಲೇ ಸಣ್ಣದಾಗುತ್ತದೆ.

ಪಂಪಿನ ಒತ್ತಡಕ್ಕೆ ರೈಸರ್ (ಮೇಲಕ್ಕೇರುವ ಮುಖ್ಯ ಪೈಪ್), ವಾಲ್ವ್‌ಗಳ ನಷ್ಟ ಮತ್ತು ಎತ್ತರ ಸೇರಿಸಿ. 30 ಮೀಟರಿಗೆ 2.94 ಬಾರ್. ಬಳಿಕ ಪಂಪಿಗೆ ಹತ್ತಿರದ 144 ಚ.ಮೀ. ತೆಗೆದುಕೊಂಡು ಲೆಕ್ಕವನ್ನು ಮತ್ತೆ ಮಾಡಬೇಕು. ಅಲ್ಲಿ ನಷ್ಟ ಕಡಿಮೆ, ಹಾಗಾಗಿ ಪಂಪ್ ಜಾಸ್ತಿ ನೀರು ದೂಡುತ್ತದೆ. 60 ನಿಮಿಷದ ಟ್ಯಾಂಕಿಗೆ ಆ ದೊಡ್ಡ ಹರಿವೇ ಆಧಾರ.

ಟ್ಯಾಂಕ್ ಎಂದರೆ ನಮ್ಮಲ್ಲಿ ಸಂಪ್. ಪಂಪ್ ನೀರೆಳೆಯುವ ಸಕ್ಷನ್ ಪೈಪಿನ ಬಾಯಿಯಿಂದ ಕೆಳಗಿನ ನೀರು ಲೆಕ್ಕಕ್ಕಿಲ್ಲ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀ. ಮೇಲಿದೆ, ಹಾಗಾಗಿ ವಾತಾವರಣದ ಒತ್ತಡ 10.3 ಮೀ. ನೀರಿನಷ್ಟಿಲ್ಲ, ಸುಮಾರು 9.2 ಮೀ. ಪಠ್ಯಪುಸ್ತಕದ 10.3ನ್ನೇ ಇಟ್ಟು ಎನ್‌ಪಿಎಸ್‌ಎಚ್ (ಪಂಪಿನ ಬಾಯಿಯಲ್ಲಿ ನೀರು ಆವಿಯಾಗದಂತೆ ಇರಬೇಕಾದ ಒತ್ತಡ) ಲೆಕ್ಕ ಹಾಕಿದರೆ ಒಂದು ಮೀಟರ್ ಸುಳ್ಳು ಲಾಭ ಕಾಣುತ್ತದೆ. ನಾನು ಪಂಪನ್ನು ಸಂಪಿನ ನೀರಿನ ಮಟ್ಟಕ್ಕಿಂತ ಕೆಳಗೆ, ಬೇಸ್‌ಮೆಂಟಿನಲ್ಲಿ ತೋರಿಸಿದೆ; ಸಂಪ್ ತಳಕ್ಕಿಳಿದಾಗಲೂ ಸಕ್ಷನ್ ತುಂಬಿರುವಂತೆ.