ದೃಷ್ಟಿ ನೋಡುವಾಗ ಮನೆ ಎಣಿಸುವುದು ಬಿಟ್ಟೆ

ಜಾತಕದಲ್ಲಿ ಒಂದು ಗ್ರಹ ಇನ್ನೊಂದನ್ನು ನೋಡುವುದಕ್ಕೆ ದೃಷ್ಟಿ ಎನ್ನುತ್ತೇವೆ. ಮನೆ, ಅಂದರೆ ರಾಶಿ ಎಣಿಸಿ ಅದನ್ನು ಹೇಳುವುದು ವಾಡಿಕೆ, ನಾನು ಡಿಗ್ರಿ ಅಳೆದು ಹೇಳುತ್ತೇನೆ. ಒಂದು ಉದಾಹರಣೆ: ಗುರು ಕರ್ಕದಲ್ಲಿ 28 ಡಿಗ್ರಿ. ಶುಕ್ರ ಮಕರದಲ್ಲಿ 1 ಡಿಗ್ರಿ. ಶುಕ್ರನ ಮೇಲೆ ಗುರುದೃಷ್ಟಿ ಇದೆಯಾ? ನಮ್ಮ ಕಾಸರಗೋಡಿನ ಬದಿಯಡ್ಕ, ನೀರ್ಚಾಲು, ಪೆರ್ಲ ಕಡೆ ಯಾವ ಜೋಯಿಸರನ್ನು ಕೇಳಿದರೂ ‘ಸಪ್ತಮ, ಪೂರ್ಣ ದೃಷ್ಟಿ, ಮತ್ತೆಂತ ಕೇಳುವುದು’ ಎನ್ನುತ್ತಾರೆ. ನಾನೂ ವರ್ಷಗಟ್ಟಲೆ ಹಾಗೇ ಹೇಳಿ ದಕ್ಷಿಣೆ ತೆಗೆದುಕೊಂಡವನೇ. ಆದರೆ ಅಂತರ ಅಳೆದು ನೋಡಿ. 153 ಡಿಗ್ರಿ. ಸ್ಫುಟ ದೃಷ್ಟಿಯ, ಅಂದರೆ ಡಿಗ್ರಿಯ ಅಂತರದಿಂದ ದೃಷ್ಟಿಯ ಬಲ ಅಳೆಯುವ ಲೆಕ್ಕ ಹಾಕಿದರೆ 60ಕ್ಕೆ ಬರುವುದು ಬರೀ 6 ವಿರೂಪ (ವಿರೂಪ ಆ ಬಲದ ಅಳತೆ, 60 ಎಂದರೆ ಪೂರ್ಣ). ಇದನ್ನು ಪೂರ್ಣ ದೃಷ್ಟಿ ಎನ್ನುವುದು ಹೇಗೆ?

ತಿರುಗಿಸಿ ನೋಡೋಣ. ಗುರು ಕರ್ಕದ 1ರಲ್ಲಿ, ಶುಕ್ರ ಧನುವಿನ 29ರಲ್ಲಿ. ಮನೆ ಎಣಿಸಿದರೆ ಆರನೆಯದು, ದೃಷ್ಟಿಯೇ ಇಲ್ಲ. ಅಂತರ 178. ಲೆಕ್ಕಕ್ಕೆ ಬರುವುದು 56 ವಿರೂಪ. ಇಲ್ಲ ಎಂದದ್ದು ಹೆಚ್ಚುಕಡಿಮೆ ಪೂರ್ತಿ ಇದೆ, ಪೂರ್ತಿ ಎಂದದ್ದು ಇಲ್ಲವೇ ಇಲ್ಲ.

ಇದು ನಾನು ಕಂಡುಹಿಡಿದ ಲೆಕ್ಕ ಅಲ್ಲ. ಗ್ರಹದ ಆರು ಬಗೆಯ ಬಲ ತೂಗುವ ಷಡ್ಬಲ ಮಾಡುವಾಗ, ಅದರಲ್ಲಿ ದೃಷ್ಟಿಯ ಪಾಲಾದ ದೃಗ್ಬಲಕ್ಕೆ ಎಲ್ಲರೂ ಹಾಕುವ ಲೆಕ್ಕವೇ. ಅಲ್ಲಿ ಹಾಕುತ್ತೇವೆ, ಕೋಷ್ಟಕದಲ್ಲಿ ಒಂದು ಅಂಕಿ ಬರೆಯುತ್ತೇವೆ, ಫಲ ಹೇಳುವಾಗ ಮತ್ತೆ ಬೆರಳು ಮಡಚಿ ಮನೆ ಎಣಿಸುತ್ತೇವೆ. ನಾನು ಮಾಡಿದ್ದು ಇಷ್ಟೇ: ಆ ಅಂಕಿಯನ್ನೇ ಹಿಡಿದು ಫಲಕ್ಕೆ ಬಂದೆ. ಹೀಗೆ ಮಾಡುತ್ತೇನೆ ಎಂದಾಗ ನಮ್ಮ ಒಬ್ಬ ಭಾವ, ಅವರೂ ಜಾತಕ ನೋಡುವವರೇ, ಕವಳ ಉಗುಳಿ ಬಂದು ಕೇಳಿದರು: “ಅಲ್ಲ ಭಾವ, ನೀವು ಜಾತಕ ನೋಡುವುದಾ, ಗಣಿತದ ಪೇಪರ್ ತಿದ್ದುವುದಾ?” ನೀಲೇಶ್ವರ ಕಡೆಯ ಒಬ್ಬ ಹಿರಿಯರು ಅಷ್ಟೂ ಹೇಳಲಿಲ್ಲ, ಸುಮ್ನೆ ನಕ್ಕರು. ಈಗ ಅದೇ ಭಾವ ಎರಡು ತಿಂಗಳಿಗೊಮ್ಮೆ ಫೋನ್ ಮಾಡಿ ‘ಆ ಶನಿಗೆ ಎಷ್ಟು ಬಂತು’ ಎಂದು ಕೇಳುತ್ತಾರೆ.

ಈ ದಾರಿಗೆ ಬರಲು ಕಾರಣ ಮದುವೆಯ ಕಾಲ ಹೇಳುವ ಕೆಲಸ. ನಮ್ಮ ಕಡೆ ಬರುವ ಹತ್ತು ಜಾತಕದಲ್ಲಿ ಆರೇಳು ಅದಕ್ಕೇ ಬರುತ್ತವೆ. ಉಳಿದದ್ದು ಗಲ್ಫ್‌ನ ಕೆಲಸ, ಜಾಗದ ತಕರಾರು. ಮದುವೆಯ ವರ್ಷ ಹೇಳಿದ್ದು ಅರ್ಧಕ್ಕರ್ಧ ತಪ್ಪುತ್ತಿತ್ತು. ಬೇರೆಯವರದ್ದೂ ಅಷ್ಟೇ, ಹೇಳಿಕೊಳ್ಳುವುದಿಲ್ಲ ಅಷ್ಟೆ. ತಪ್ಪಿದ ಜಾತಕಗಳನ್ನೆಲ್ಲ ಒಂದು ಕಟ್ಟು ಮಾಡಿ ಇಟ್ಟಿದ್ದೆ. ಮಳೆಗಾಲದಲ್ಲಿ ಅದನ್ನು ಬಿಚ್ಚಿ ಕೂತಾಗ ಕಂಡದ್ದು ಒಂದೇ: ತಪ್ಪಿದವುಗಳಲ್ಲಿ ಜಾಸ್ತಿ ಪಾಲು ರಾಶಿಯ ಕೊನೆಯಲ್ಲೋ ಮೊದಲಲ್ಲೋ ಇರುವ ಗ್ರಹದ ದೃಷ್ಟಿಯನ್ನು ನಂಬಿ ಹೇಳಿದ್ದು.

ಡಿಗ್ರಿ ಹಿಡಿದರೆ ಇನ್ನೊಂದು ದೊಡ್ಡ ಲಾಭ ಇದೆ. ರಾಶಿಚಕ್ರವನ್ನು ಎಲ್ಲಿಂದ ಶುರುಮಾಡಬೇಕು ಎನ್ನುವ ಅಯನಾಂಶದ ಜಗಳ ಇಲ್ಲ. ಚಿತ್ರಾಪಕ್ಷಕ್ಕೂ ರಾಮನ್ ಅಯನಾಂಶಕ್ಕೂ ಸುಮಾರು ಒಂದೂವರೆ ಡಿಗ್ರಿ ವ್ಯತ್ಯಾಸ. ಎರಡು ರಾಶಿಗಳ ಸಂಧಿಯಲ್ಲಿರುವ ಗ್ರಹ ಒಂದರಲ್ಲಿ ಈ ರಾಶಿ, ಇನ್ನೊಂದರಲ್ಲಿ ಆ ರಾಶಿ. ಮನೆ ಎಣಿಸುವವರಿಗೆ ದೃಷ್ಟಿಯೇ ಬದಲಾಗಿಬಿಡುತ್ತದೆ. ಆದರೆ ಎರಡು ಗ್ರಹಗಳ ನಡುವಿನ ಅಂತರ? ಎರಡೂ ಒಟ್ಟಿಗೆ ಸರಿಯುವುದರಿಂದ ಅಂತರ ಇದ್ದ ಹಾಗೇ ಇರುತ್ತದೆ. ಇದು ಹೊಳೆದ ದಿನ ನನಗೆ ಊಟ ಸೇರಲಿಲ್ಲ.

ಹುಟ್ಟಿದ ಸಮಯದ ತಲೆನೋವೂ ಅರ್ಧ ಕಡಿಮೆ. ನಮ್ಮಲ್ಲಿ ಹಳೆಯ ಜಾತಕ ಎಂದರೆ ಉದಯಾದಿ ಘಳಿಗೆ, ಅಂದರೆ ಸೂರ್ಯೋದಯದಿಂದ ಎಣಿಸಿದ ಘಳಿಗೆ. ಒಂದು ಘಳಿಗೆ ಹೆಚ್ಚುಕಡಿಮೆ ಆದರೆ 24 ನಿಮಿಷ, ಲಗ್ನ (ಹುಟ್ಟಿದಾಗ ಪೂರ್ವದಲ್ಲಿ ಉದಿಸುವ ಬಿಂದು) ಆರು ಡಿಗ್ರಿ ಅತ್ತಿತ್ತ. ಕಾಸರಗೋಡು 75 ರೇಖಾಂಶದಲ್ಲಿದೆ, ಗಡಿಯಾರ ನಡೆಯುವುದು 82½ಕ್ಕೆ. ಅಂದರೆ ಸ್ಥಳೀಯ ಸಮಯ ಅರ್ಧ ಗಂಟೆ ಹಿಂದೆ. ಕೆಲವರು ಕಂಪ್ಯೂಟರಿನಲ್ಲಿ ನಮ್ಮೂರು ಸಿಗದೆ ಬೆಂಗಳೂರು ಹಾಕಿಬಿಡುತ್ತಾರೆ, ಅಲ್ಲೇ ಲಗ್ನ ಎರಡೂವರೆ ಡಿಗ್ರಿ ಮುಂದೆ ಹೋಯಿತು. ಆದರೆ ಶನಿಗೂ ಗುರುವಿಗೂ ಕುಜನಿಗೂ ಅರ್ಧ ಗಂಟೆ ಲೆಕ್ಕವೇ ಅಲ್ಲ. ಚಂದ್ರ ಕೂಡ ಗಂಟೆಗೆ ಸರಿಯುವುದು ಅರ್ಧ ಡಿಗ್ರಿಯ ಆಸುಪಾಸು. ಹಾಗಾಗಿ ನಾನು ಮೊದಲು ಗ್ರಹ-ಗ್ರಹದ ದೃಷ್ಟಿ ಮಾತ್ರ ಬರೆಯುತ್ತೇನೆ. ಲಗ್ನದ ಮೇಲಿನ, ಮನೆಗಳ ಮೇಲಿನ ದೃಷ್ಟಿಯನ್ನು ಕೊನೆಗೆ ಮುಟ್ಟುತ್ತೇನೆ, ಅದೂ ಸಮಯ ಸರಿಯಿದೆ ಎಂದು ಖಾತ್ರಿಯಾದ ಮೇಲೆ. ಸಮಯ ಖಾತ್ರಿ ಮಾಡುವುದಕ್ಕೆ ನನ್ನದೇ ಒಂದು ಪ್ರಶ್ನೆ ಇದೆ, ಬಂದವರ ತಾಯಿಯ ಹತ್ತಿರ ಕೇಳುವಂಥದ್ದು. ಅದನ್ನು ಇಲ್ಲಿ ಬರೆಯುವುದಿಲ್ಲ.

ಇನ್ನು ದುಡ್ಡಿನ ಮಾತು. ಮೊದಲು ದಿನಕ್ಕೆ ಏಳೆಂಟು ಜಾತಕ ನೋಡುತ್ತಿದ್ದೆ, ಇನ್ನೂರು ಮುನ್ನೂರು ದಕ್ಷಿಣೆ. ಈ ಲೆಕ್ಕ ಕೈಯಲ್ಲೇ ಹಾಕಲು ಶುರುಮಾಡಿದ ಮೇಲೆ ಒಂದು ಜಾತಕಕ್ಕೆ ಒಂದೂವರೆ ಗಂಟೆ. ದಿನಕ್ಕೆ ಎರಡು ಮೂರು ಆದರೆ ಪುಣ್ಯ. ಜನ ಕಾಯುವುದಿಲ್ಲ, ಪಕ್ಕದವರ ಹತ್ತಿರ ಹೋದರು. ಒಂದು ವರ್ಷಕ್ಕೂ ಮೇಲೆ ಸಂಪಾದನೆ ಅರ್ಧಕ್ಕಿಳಿಯಿತು. ಅಡಿಕೆ ತೋಟ ಇದ್ದದ್ದರಿಂದ ಮನೆ ನಡೆಯಿತು ಅನ್ನಿ. ಮನೆಯವಳು ಏನೂ ಹೇಳಲಿಲ್ಲ, ಆದರೆ ಸಂತೆ ಚೀಟಿಯ ಹಿಂಬದಿಯಲ್ಲಿ ವಿರೂಪದ ಲೆಕ್ಕ ಕಂಡಾಗ ಮುಖ ಹೇಗಾಗುತ್ತಿತ್ತು ಎಂದು ನನಗೆ ಗೊತ್ತು. ಆಮೇಲೆ ಹನ್ನೊಂದೋ ಹನ್ನೆರಡೋ ಸಾವಿರ ಕೊಟ್ಟು ಒಂದು ಸಾಫ್ಟ್‌ವೇರ್ ತಂದೆ. ಅದರಲ್ಲಿ ಶನಿಯ ದೃಷ್ಟಿ 60ನ್ನು ದಾಟಿ 75 ಎಂದೆಲ್ಲ ತೋರಿಸುತ್ತಿತ್ತು. ಫೋನ್ ಮಾಡಿ ಕೇಳಿದರೆ ‘ಶಾಸ್ತ್ರದಲ್ಲಿ ಹಾಗೇ ಇದೆ ಸಾರ್’ ಎಂದರು.

ಅವರು ಪೂರ್ತಿ ಸುಳ್ಳು ಹೇಳಿದ್ದೂ ಅಲ್ಲ. ಏಳಲ್ಲದೆ ಮೂರು, ಹತ್ತನ್ನೂ ನೋಡುವ ಶನಿಯ ವಿಶೇಷ ದೃಷ್ಟಿಗೆ ಎರಡು ದಾರಿ ಇದೆ. ಒಂದು, ಅಂತರ 60ರಿಂದ 90ರ ಒಳಗೆ ಬಂದರೆ ಸಾಮಾನ್ಯ ದೃಷ್ಟಿಗೆ 45 ಸೇರಿಸಿಬಿಡುವುದು. ಇದರಲ್ಲಿ 59ರ ಅಂತರಕ್ಕೆ ಹದಿನಾಲ್ಕೂವರೆ ಬಂದರೆ 61ಕ್ಕೆ 61 ಬರುತ್ತದೆ. 75ರ ಅಂತರಕ್ಕೆ 75. ಎರಡು ಡಿಗ್ರಿಯಲ್ಲಿ ಶನಿ ಹೀಗೆ ಹಾರುತ್ತಾನಾ? ಇನ್ನೊಂದು ದಾರಿಯಲ್ಲಿ 30ರಿಂದ ಮೆಲ್ಲಗೆ ಏರಿ, 60ರ ಅಂತರದಲ್ಲಿ ಪೂರ್ತಿಯಾಗಿ, ಆಮೇಲೆ ಇಳಿದು 90ಕ್ಕೆ 45 ಆಗುತ್ತದೆ. ನಾನು ಎರಡನ್ನೂ ನನ್ನ ಕಟ್ಟಿನ ಜಾತಕಗಳಿಗೆ ಹಾಕಿ ನೋಡಿದೆ. ಎರಡನೆಯದೇ ಹೊಂದಿತು. ಈಗ ಸ್ಫುಟಕ್ಕೆ, ಅಂದರೆ ಗ್ರಹಗಳ ಡಿಗ್ರಿಗೆ, ಪುಕ್ಕಟೆ ಸಿಗುವ ಜಗನ್ನಾಥ ಹೋರಾ ಸಾಫ್ಟ್‌ವೇರ್, ದೃಷ್ಟಿಗೆ ಮಗ ಮಾಡಿಕೊಟ್ಟ ಎಕ್ಸೆಲ್ ಹಾಳೆ. ಹತ್ತು ನಿಮಿಷದ ಕೆಲಸ. ಹನ್ನೆರಡು ಸಾವಿರದ ಸಿಡಿ ಈಗಲೂ ಕಪಾಟಿನಲ್ಲಿದೆ, ಬೇಕಾದವರು ಕೊಂಡುಹೋಗಬಹುದು.

ಅಂಕಿ ಸಿಕ್ಕಿದ ಕೂಡಲೇ ಫಲ ಸಿಗಲಿಲ್ಲ. ಮೊದಮೊದಲು ಗುರುವಿನದ್ದು 50 ದಾಟಿದರೆ ಒಳ್ಳೆಯದು, ಶನಿಯದ್ದು 50 ದಾಟಿದರೆ ಕೆಟ್ಟದ್ದು ಎಂದು ಹಿಡಿದೆ. ಮೂರ್ನಾಲ್ಕು ಕಡೆ ಇದು ಕೈ ಕೊಟ್ಟಿತು. ಒಂದು ತುಲಾ ಲಗ್ನದ ಹುಡುಗ, ಸಪ್ತಮಾಧಿಪತಿ, ಅಂದರೆ ಮದುವೆಯ ಮನೆಯಾದ ಏಳರ ಒಡೆಯ ಕುಜನ ಮೇಲೆ ಶನಿಯದ್ದು 58. ‘ಮೂವತ್ತೈದು ದಾಟಬೇಕು’ ಎಂದೆ. ವರ್ಷ ತಿರುಗುವ ಮೊದಲೇ ಅವನ ಅಪ್ಪ ಮದುವೆ ಕಾಗದ ಹಿಡಿದು ಬಂದರು. ತುಲಾ ಲಗ್ನಕ್ಕೆ ಶನಿ ನಾಲ್ಕು ಐದರ ಒಡೆಯ, ಯೋಗಕಾರಕ (ಒಳ್ಳೆಯದು ಮಾಡುವವನು). ಅವನ 58 ಅಲ್ಲಿ ವರ. ಅದೇ ರೀತಿ ಮಿಥುನ, ಕನ್ಯಾ ಲಗ್ನದವರಿಗೆ ಗುರು ಎರಡು ಕೇಂದ್ರದ (1, 4, 7, 10ನೇ ಮನೆಗಳಿಗೆ ಕೇಂದ್ರ ಎನ್ನುವುದು) ಒಡೆಯ, ಅವನ ಪೂರ್ಣ ದೃಷ್ಟಿ ಎಂದು ಸಿಹಿ ಹಂಚಬೇಕಾಗಿಲ್ಲ. ಈಗ ಮೊದಲು ಆಧಿಪತ್ಯ, ಯಾವ ಗ್ರಹ ಯಾವ ಮನೆಯ ಒಡೆಯ ಎನ್ನುವುದು, ಬರೆದು, ಪಕ್ಕದಲ್ಲಿ ವಿರೂಪ ಬರೆಯುತ್ತೇನೆ. ನೋಡುವ ಗ್ರಹ ಸೂರ್ಯನ ಹತ್ತಿರ ಬಂದು ಅಸ್ತವೋ, ದುರ್ಬಲ ರಾಶಿಯಲ್ಲಿದ್ದು ನೀಚವೋ ಆಗಿದ್ದರೆ ಅಂಕಿಯನ್ನು ಇಳಿಸುತ್ತೇನೆ. ಎಷ್ಟು ಇಳಿಸುತ್ತೇನೆ, ಎಷ್ಟಕ್ಕಿಂತ ಕೆಳಗೆ ಬಂದರೆ ದೃಷ್ಟಿಯನ್ನೇ ಬಿಟ್ಟುಬಿಡುತ್ತೇನೆ ಎನ್ನುವುದು ನನ್ನ ಹತ್ತಿರ ಇರಲಿ. ನಿಮ್ಮ ಜಾತಕದ ಕಟ್ಟು ಬಿಚ್ಚಿ ಕೂತರೆ ನಿಮಗೂ ಸಿಗುತ್ತದೆ.

ಎಲ್ಲರ ಬಾಯಿ ಮುಚ್ಚಿಸಿದ್ದು ಒಂದು ಹುಡುಗಿಯ ಜಾತಕ. ಗುರುತು ಸಿಗದ ಹಾಗೆ ಹೇಳುತ್ತೇನೆ. ಕುಂಭ ಲಗ್ನ, ಸಪ್ತಮಾಧಿಪತಿ ರವಿ ಏಳರಲ್ಲೇ, ಸಿಂಹದ 14 ಡಿಗ್ರಿಯಲ್ಲಿ. ನನ್ನ ಹತ್ತಿರ ಬಂದದ್ದು 2023ರ ಬಿಸು (ಸೌರ ಯುಗಾದಿ) ಕಳೆದು. ಅದಕ್ಕೆ ಮೊದಲು ನೋಡಿದವರೆಲ್ಲ ಒಂದೇ ಮಾತು: ಗೋಚಾರ ಶನಿ, ಅಂದರೆ ಈಗ ಆಕಾಶದಲ್ಲಿ ನಡೆಯುತ್ತಿರುವ ಶನಿ, ಲಗ್ನದಲ್ಲಿ ಕೂತು ಏಳನ್ನು ನೋಡುತ್ತಿದ್ದಾನೆ, 2025ರ ಮಾರ್ಚ್ ಕೊನೆಗೆ ಮೀನಕ್ಕೆ ಹೋಗುವವರೆಗೆ ಮಾತೇ ಬೇಡ. ಶಾಂತಿಗೆ ಆಗಲೇ ಹತ್ತಿಪ್ಪತ್ತು ಸಾವಿರ ಖರ್ಚು ಮಾಡಿದ್ದರು. ನಾನು ಗೋಚಾರಕ್ಕೂ ಇದೇ ಡಿಗ್ರಿ ಲೆಕ್ಕ ಹಾಕಿದೆ. ಇದು ಗ್ರಂಥದ್ದಲ್ಲ, ನನ್ನ ಸ್ವಂತದ್ದು, ಬೇಕಾದರೆ ಬೈಯಿರಿ. ಏಪ್ರಿಲ್ ಕೊನೆಗೆ ಗುರು ಮೇಷಕ್ಕೆ ಬಂದಿದ್ದ. ಅವನು ಮೇಷದ 14ಕ್ಕೆ ಬಂದಾಗ ಸಿಂಹದ 14ಕ್ಕೆ ಅಂತರ ಸರಿಯಾಗಿ 120, ಗುರುವಿಗೆ ವಿಶೇಷವಾಗಿರುವ ಐದರ ದೃಷ್ಟಿ, 60ಕ್ಕೆ 60. ನಡುವೆ ವಕ್ರ (ಹಿಂದಕ್ಕೆ ಚಲನೆ) ಇದ್ದದ್ದರಿಂದ ಆ ಡಿಗ್ರಿಯನ್ನು ಅವನು ಮೂರು ಸಲ ಮುಟ್ಟುತ್ತಾನೆ: ಜೂನ್ ಕೊನೆ, ನವೆಂಬರ್ ಮೂರನೇ ವಾರದ ಹೊತ್ತು, 2024ರ ಫೆಬ್ರವರಿ ಮೊದಲ ವಾರದ ಆಸುಪಾಸು. ಮೂರನೇ ಸಲ ಶನಿಯೂ ಕುಂಭದ 12ರ ಸುತ್ತ ಇರುತ್ತಾನೆ, ಅವನದ್ದೂ 59. ಕುಂಭಕ್ಕೆ ಅವನೇ ಲಗ್ನಾಧಿಪತಿ, ಏಕೆ ತಡೆಯುತ್ತಾನೆ? ಹುಡುಗಿಯ ಅಪ್ಪನಿಗೆ ಹೇಳಿದೆ, “ಮೊದಲ ಸಲ ಬರೀ ಮಾತು. ಎರಡನೇ ಸಲ ಬಂದದ್ದನ್ನು ಬಿಡಬೇಡಿ. ಮೂರನೇ ಸಲಕ್ಕೆ ಮುಗಿಯುತ್ತದೆ.”

ಜುಲೈಯಲ್ಲಿ ಒಂದು ಸಂಬಂಧ ಬಂದು ತಪ್ಪಿತು. ಅವರು ಸಪ್ಪೆ ಮುಖ ಮಾಡಿಕೊಂಡು ಬಂದರು. ನವೆಂಬರಿನಲ್ಲಿ ಮುಳ್ಳೇರಿಯ ಕಡೆಯಿಂದ ಒಂದು ಬಂತು. ಫೆಬ್ರವರಿಯಲ್ಲಿ ನಿಶ್ಚಿತಾರ್ಥ, ಬಿಸು ಕಳೆದು ಮದುವೆ. ನಾನು ಕೇಳಿದ್ದು ಐನೂರು, ಅವರು ಕವರಿನಲ್ಲಿ ಐದು ಸಾವಿರ ಇಟ್ಟಿದ್ದರು. ಈಗ ನನ್ನ ದಕ್ಷಿಣೆ ಸಾವಿರ. ಮದುವೆ ಕಾಲ ಹೇಳಿದ್ದು ಹತ್ತರಲ್ಲಿ ಏಳು ಹತ್ತಿರಹತ್ತಿರ ಬರುತ್ತದೆ, ಉಳಿದ ಮೂರರಲ್ಲಿ ದಶೆ ಒಪ್ಪುವುದಿಲ್ಲ.

ಇದೇ ಹುಮ್ಮಸ್ಸಿನಲ್ಲಿ ಬೇರೆ ಕೆಲವಕ್ಕೂ ಕೈ ಹಾಕಿದೆ. ರಾಹುವಿಗೆ ಐದು ಒಂಬತ್ತರ ದೃಷ್ಟಿ ಕೊಡುವವರಿದ್ದಾರೆ. ಕೊಟ್ಟು ನೋಡಿದೆ, ಯಾವ ತಲೆಬುಡವೂ ಸಿಗಲಿಲ್ಲ, ಬಿಟ್ಟೆ. ವಕ್ರ ಗ್ರಹ ಹಿಂದಿನ ರಾಶಿಯಿಂದಲೂ ನೋಡುತ್ತದೆ ಎನ್ನುವುದನ್ನೂ ಪರೀಕ್ಷಿಸಿದೆ. ಡಿಗ್ರಿ ಅಳೆಯುವವನಿಗೆ ಅದು ಬೇಕಾಗುವುದೇ ಇಲ್ಲ. ಗುರುದೃಷ್ಟಿಗೆ ಅಡಿಕೆ ರೇಟು ಏರುತ್ತದಾ ಎಂದು ನೋಡಲು ನಾಲ್ಕೈದು ಕ್ವಿಂಟಾಲ್ ಚಾಲಿ ಅಡಿಕೆ ಇಟ್ಟು ಕಾದೆ. ಕಿಲೋಗೆ ಇಪ್ಪತ್ತು ಮೂವತ್ತು ಇಳಿದಾಗ ಮಾರಿದೆ. ಅಡಿಕೆಗೆ ಜಾತಕ ಇಲ್ಲ ಎಂದು ಭಾವ ಆಗಲೇ ಹೇಳಿದ್ದರು.

ಮಲಯಾಳದಲ್ಲಿ ಬರೆದ ಜಾತಕ ಬಂದರೆ ಅವಸರ ಮಾಡಬೇಡಿ. ಅವರ ಕುಂಡಲಿಯಲ್ಲಿ ‘ಮ’ ಎಂದರೆ ಶನಿ, ‘ಕು’ ಕುಜ, ‘ಸ’ ರಾಹು. ‘ಮ’ ನೋಡಿ ಮಂಗಳ, ಅಂದರೆ ಕುಜ, ಎಂದುಕೊಂಡು ಕುಜನ ನಾಲ್ಕು ಎಂಟರ ವಿಶೇಷ ದೃಷ್ಟಿ ಹಾಕಿದವರನ್ನು ನಾನು ಕಂಡಿದ್ದೇನೆ. ಡಿಗ್ರಿ ಬರೆದಿರುವುದೂ ಅಪರೂಪ, ಹುಟ್ಟಿದ ದಿನ ಹಿಡಿದು ಹೊಸದಾಗಿ ಸ್ಫುಟ ಮಾಡಿಯೇ ಕೂರಬೇಕು.

ದೈವಸ್ಥಾನಕ್ಕೋ ತರವಾಡಿಗೋ (ಕುಟುಂಬದ ಮೂಲಮನೆ) ಅಷ್ಟಮಂಗಲ ಪ್ರಶ್ನೆಗೆ ಕರೆದರೆ ಮಾತ್ರ ನಾನು ಎಕ್ಸೆಲ್ ಹಾಳೆ ತೆಗೆಯುವುದಿಲ್ಲ. ಅಲ್ಲಿ ಕವಡೆ, ತಾಂಬೂಲ, ನಿಮಿತ್ತ ಎಂದು ನೋಡಲಿಕ್ಕೆ ಬೇರೆಯೇ ಎಷ್ಟೋ ಇರುತ್ತದೆ, ಸುತ್ತ ಐವತ್ತು ಜನ ಕೂತಿರುತ್ತಾರೆ. ಹಳೆಯ ಹಾಗೆ ಮನೆ ಎಣಿಸಿಯೇ ದೃಷ್ಟಿ ಹೇಳುತ್ತೇನೆ. ಭಾವನಿಗೆ ಅದೊಂದು ಸಮಾಧಾನ.